ಟಿ ಮಾದರಿಯ ಫೋರ್ಡೂ ಬಿಡದಿಯ ಫಾರ್ಚೂನರೂ



ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೂರು ವರ್ಷದ ಹಿಂದಿನ ಕಾರುಗಳು ನೆಲದಿಂದ ಅಷ್ಟು ಮೇಲೆ ನಿಂತಿದ್ದುದೇಕೆ? ಅಂದಿನ ರಸ್ತೆಗಳೇ ಕಾರಣ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಕಂಪನಿಯ ಟಿ ಮಾದರಿ ಕೆಸರು, ಗಾಡಿಜಾಡು, ಕಲ್ಲುಗಳ ಮೇಲೆ ಹಾಯಬೇಕಿತ್ತು. ಅದರ ಒಡಲು ನೆಲದಿಂದ ಸುಮಾರು 25 ಸೆಂ.ಮೀ. ಮೇಲಿತ್ತು. 2009ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿರುವ ಟೊಯೋಟಾ ಫಾರ್ಚೂನರಿನದು ಅದಕ್ಕಿಂತ ತುಸು ಕಡಿಮೆಯೇ!

ಇನ್ನೊಂದು ಸ್ವಾರಸ್ಯವಿದೆ. ಟಿ ಮಾದರಿಯ ಎಂಜಿನ್ 2.9 ಲೀಟರ್, ಫಾರ್ಚೂನರಿನ ಡೀಸೆಲ್ ಎಂಜಿನ್ 2.8 ಲೀಟರ್. ಗಾತ್ರ ಹೆಚ್ಚುಕಡಿಮೆ ಒಂದೇ. ಆದರೆ ಅದರ ಶಕ್ತಿ 20 ಅಶ್ವಶಕ್ತಿ, ಇದರದು 200ಕ್ಕೂ ಹೆಚ್ಚು. ಹಳೆಯದು ಗಾಳಿಯನ್ನು ತಾನಾಗಿ ಸೇದಿಕೊಂಡು ಅಲ್ಪ ಒತ್ತಡದಲ್ಲಿ, ನಿಮಿಷಕ್ಕೆ 1600ರಷ್ಟು ಸುತ್ತು ತಿರುಗುತ್ತಿತ್ತು. ಹೊಸದರೊಳಕ್ಕೆ ಟರ್ಬೊ ಯಂತ್ರವು ಗಾಳಿಯನ್ನು ಒತ್ತಿ ತುಂಬುತ್ತದೆ.

ಹಳೆಯದನ್ನು ನಡೆಸುವುದು ಸುಲಭವಾಗಿರಲಿಲ್ಲ. ಹಿಡಿಕೆ ತಿರುವಿ ಚಾಲೂ ಮಾಡಬೇಕು. ವೇಗ ಹೆಚ್ಚಿಸುವುದು ಕೈಯಿಂದ. ಪೆಟ್ರೋಲ್ ತೊಟ್ಟಿ ಸೀಟಿನ ಕೆಳಗಿದ್ದು ಇಂಧನ ತಾನಾಗಿ ಇಳಿದು ಬರಬೇಕಾದ್ದರಿಂದ, ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತುತ್ತಿದ್ದರು! ಬ್ರೇಕೂ ದುರ್ಬಲ, ಸೀಟ್ ಬೆಲ್ಟ್ ಇಲ್ಲವೇ ಇಲ್ಲ. ಒಳಗೆ ಕುಳಿತವರ ಸುರಕ್ಷತೆಯಲ್ಲಿ ಇಂದಿನ ವಾಹನಕ್ಕೆ ಅದು ಸಾಟಿಯೇ ಅಲ್ಲ. ಆ ಕಾಲವೇ ಚೆನ್ನಾಗಿತ್ತೆಂದು ನಾನೆಂದೂ ಹೇಳಲಾರೆ.

ಆದರೆ ಹೊರಗೆ ನಡೆಯುವವರ ಮಾತೇನು? ನಮ್ಮ ಚಿಕ್ಕಬಾಣಾವರದ ಮೂಲಕ ಹಾಯುವ ಹೆಸರಘಟ್ಟ ರಸ್ತೆಗೆ ಈಗ ಡಾಂಬರು ಬಿದ್ದಿದೆ. ಗುಂಡಿಗಳನ್ನು ಬಿಟ್ಟರೆ ಗಾಡಿಜಾಡಿನ ಹಂಗು ಯಾರಿಗೂ ಇಲ್ಲ. ರಸ್ತೆ ನುಣುಪಾಯಿತು, ವಾಹನದ ಎತ್ತರ ಮಾತ್ರ ಉಳಿಯಿತು. ತರಗತಿಯಲ್ಲಿ ನೀವು ಬರೆದ ಚಲನಶಕ್ತಿಯ ಸೂತ್ರವನ್ನು ನೆನಪಿಸಿಕೊಳ್ಳಿ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಟಿ ಮಾದರಿ ಸುಮಾರು 700 ಕಿಲೊ; ಫಾರ್ಚೂನರ್ 2,000 ಕಿಲೊಗೂ ಹೆಚ್ಚು, ಅಂದರೆ ಮೂರರಷ್ಟು. ಅದು 40 ಕಿ.ಮೀ. ವೇಗದಲ್ಲಿ, ಇದು 80ರಲ್ಲಿ ಓಡುತ್ತಿದ್ದರೆ ವೇಗದ ವರ್ಗ ನಾಲ್ಕರಷ್ಟಾಗುತ್ತದೆ. ಒಟ್ಟು ಹನ್ನೆರಡರಷ್ಟು ಶಕ್ತಿ.

2021ರ ಕೇಂದ್ರ ನಿಯಮದಂತೆ, ‘ವಿಂಟೇಜ್’ ಎಂದು ನೋಂದಾಯಿಸಿದ ಐವತ್ತು ವರ್ಷ ಮೀರಿದ ವಾಹನವು ನಿತ್ಯ ಬಳಕೆಗೆ ರಸ್ತೆಗಿಳಿಯುವಂತಿಲ್ಲ; ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಮೊದಲಾದವುಗಳಿಗೆ ಮಾತ್ರ ಅನುಮತಿ. ಮುದುಕನಿಗೆ ಅಷ್ಟು ಕಟ್ಟಳೆ ಸಾಕು! ಎತ್ತರದ ಹೊಸ ವಾಹನಗಳ ವಿಷಯದಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಬಾನೆಟ್ಟು 40 ಅಂಗುಲಕ್ಕಿಂತ ಎತ್ತರವಾದ ವಾಹನ ಗುದ್ದಿದಾಗ ಪಾದಚಾರಿ ಸಾಯುವ ಸಂಭವ, ತಗ್ಗಾದ ಇಳಿಜಾರು ಮೂತಿಯ ಕಾರಿಗಿಂತ ಸುಮಾರು ಶೇ. 45 ಹೆಚ್ಚು. 40 ಅಂಗುಲ ಎಂದರೆ 102 ಸೆಂ.ಮೀ. ಒಂದನೆಯ ತರಗತಿಯ ಮಗುವಿನ ಎತ್ತರ 115 ಸೆಂ.ಮೀ. ಆಸುಪಾಸು.