ಟಾಕರ್ ಪೆಡಲಿನ ಸಾಕ್ಷ್ಯ: ಶೆರ್ ಅವರ ‘ಬಿಲೀವ್’ ಕುರಿತ ಒಂದು ಕೂಟದಾಖಲೆ

ಗಾಯಕಿ ಶೆರ್ ಅವರ ‘ಬಿಲೀವ್’ (1998) ಆಲ್ಬಮ್ಮಿನ ಶೀರ್ಷಿಕೆಗೀತೆಯಲ್ಲಿ ಕಂಠ ತುಂಡುತುಂಡಾಗಿ ಮೆಟ್ಟಿಲಿಳಿಯುವ ಜಾಗವನ್ನು ವೊಕೋಡರ್ ಎಂಬ ಧ್ವನಿಯಂತ್ರದ ಲೆಕ್ಕಕ್ಕೆ ಬರೆಯುವ ರೂಢಿ ಇನ್ನೂ ಹೋಗಿಲ್ಲ. ಈ ರೂಢಿಗೆ ಬಲ ಕೊಟ್ಟದ್ದು ಬ್ರಿಟನ್ನಿನ ‘ಸೌಂಡ್ ಆನ್ ಸೌಂಡ್’ ಪತ್ರಿಕೆಯ 1999ರ ಫೆಬ್ರವರಿ ಸಂಚಿಕೆ. ಮೊದಲು ಕೋರ್ಗ್ ವೊಕೋಡರನ್ನು ಪ್ರಯತ್ನಿಸಿದೆ, ಅದು ಸ್ಪಷ್ಟವಾಗಿ ನುಡಿಯಲಿಲ್ಲ, ಆಮೇಲೆ ಗಿಟಾರಿನ ಪೆಡಲಿನಂತಿರುವ ಇನ್ನೊಂದು ಬಗೆಯ ವೊಕೋಡರ್ ಆದ ಡಿಜಿಟೆಕ್ ಟಾಕರನ್ನು ಹಿಡಿದೆ ಎಂದು ನಿರ್ಮಾಪಕ ಮಾರ್ಕ್ ಟೇಲರ್ ಅಲ್ಲಿ ವಿವರಿಸಿದ್ದಾರೆ. ಯಂತ್ರದ ಹೆಸರಿದೆ, ಸೋತ ಪ್ರಯತ್ನದ ಕಥೆಯಿದೆ, ಹೇಳಿದವರು ಸ್ವತಃ ಕೆಲಸ ಮಾಡಿದವರು. ಇದಕ್ಕಿಂತ ಒಳ್ಳೆಯ ಆಕರ ಬೇಕೆ ಎಂದು ಅದನ್ನು ನೆಚ್ಚಿದವರೆಲ್ಲ ಎಡವಿದರು. ಹೇಳಿಕೆ ಸುಳ್ಳು. ಬಳಸಿದ್ದು ಆಂಟಾರೆಸ್ ಸಂಸ್ಥೆ 1997ರಲ್ಲಿ ಹೊರತಂದ, ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್. ತಂಡದವರು ತಮ್ಮ ಗುಟ್ಟು ಕಾಯಲು ಟಾಕರಿನ ಹೆಸರು ಹೇಳಿರಬೇಕೆಂದು ಪತ್ರಿಕೆಯೇ ಮುಂದೆ ಆ ಲೇಖನಕ್ಕೆ ಟಿಪ್ಪಣಿ ಸೇರಿಸಿತು.

ಟಿಪ್ಪಣಿ ಬಂದ ಮೇಲೆ ಇನ್ನೊಂದು ಅತಿರೇಕ ಶುರುವಾಯಿತು: ಸಂದರ್ಶನವನ್ನೇ ಕಸದ ಬುಟ್ಟಿಗೆ ಹಾಕುವುದು. ನನ್ನ ತಕರಾರು ಈ ಎರಡನೆಯ ಪಂಗಡದ ಜೊತೆಗೇ ಹೆಚ್ಚು. ಗಂಗ ಅರಸರ ತಾಮ್ರಪಟಗಳಲ್ಲಿ ಹಲವನ್ನು ಶಾಸನತಜ್ಞ ಫ್ಲೀಟ್ ಕೂಟಶಾಸನವೆಂದು, ಅಂದರೆ ನಕಲಿಯೆಂದು, ತಳ್ಳಿಹಾಕಿದ್ದು, ಇನ್ನೊಬ್ಬ ಶಾಸನತಜ್ಞ ರೈಸ್ ಅವುಗಳ ಪರ ನಿಂತದ್ದು ನಮ್ಮಲ್ಲಿ ಹಳೆಯ ವ್ಯಾಜ್ಯ. ಅದರಿಂದ ಕಲಿತ ಒಂದು ಪಾಠವುಂಟು. ಶಾಸನ ಖೊಟ್ಟಿಯೆಂದು ತೀರ್ಮಾನವಾದ ಮೇಲೂ ಅದನ್ನು ಬರೆಸಿದವರು ಯಾರು, ಯಾವಾಗ, ಯಾವ ಭೂಮಿಗಾಗಿ ಎಂಬ ಪ್ರಶ್ನೆ ಉಳಿಯುತ್ತದೆ. ಟೇಲರರ ಹೇಳಿಕೆಯನ್ನೂ ಹಾಗೆಯೇ ಓದಬೇಕು.

ಮೊದಲು ಅದು ಸುಳ್ಳೆಂಬುದಕ್ಕೆ ಒಳಸಾಕ್ಷ್ಯ. ಪತ್ರಿಕೆಯ ಟಿಪ್ಪಣಿಗೆ ಕಾಯಬೇಕಾದ ಅಗತ್ಯವೇ ಇರಲಿಲ್ಲ, ಕಿವಿಯೊಂದಿದ್ದರೆ ಸಾಕಿತ್ತು. ವೊಕೋಡರಿಗೆ ಎರಡು ಧ್ವನಿ ಬೇಕು. ಮಾತಿನ ಆಕಾರವನ್ನು ಕಂಠದಿಂದ ಪಡೆದು ಅದನ್ನು ಕೀಬೋರ್ಡಿನಂಥ ಬೇರೊಂದು ವಾದ್ಯದ ನಾದಕ್ಕೆ ತೊಡಿಸುತ್ತದೆ. ಹಾಗಾಗಿ ವಾದ್ಯವೇ ಮಾತಾಡಿದಂತೆ ಕೇಳುತ್ತದೆ, ಗಾಯಕಿಯ ನಾದ ಹಿಂದೆ ಸರಿಯುತ್ತದೆ. ಆಟೋಟ್ಯೂನಿಗೆ ಎರಡನೆಯ ಧ್ವನಿಯೇ ಬೇಡ. ಹಾಡಿದ ಶ್ರುತಿಯನ್ನು ಅಳೆದು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುತ್ತದೆ. ಎಷ್ಟು ಬೇಗ ಎಳೆಯಬೇಕೆಂಬುದಕ್ಕೆ ಒಂದು ತಿರುಗಣೆಯಿದೆ. ನಿಧಾನವಾಗಿಟ್ಟರೆ ತಿದ್ದಿದ್ದು ಗೊತ್ತಾಗುವುದಿಲ್ಲ, ಸೊನ್ನೆಗೆ ತಂದರೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯೇ ಅಳಿಸಿಹೋಗುತ್ತದೆ. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಜಾರು ಸತ್ತು ಸ್ವರಸ್ಥಾನ ಮಾತ್ರ ಉಳಿಯುತ್ತದೆ. (1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದಾಗ ಆ ವಾದ್ಯದ ಮೇಲಿದ್ದ ದೂರುಗಳಲ್ಲಿ ಇದೂ ಒಂದು. ಅಂದು ದೋಷವೆನಿಸಿದ್ದು ಇಲ್ಲಿ ಅಲಂಕಾರವಾಗಿದೆ.)

ಈಗ ಹಾಡನ್ನು ಕೇಳಿ. ಚರಣದ ಕೆಲವೇ ಪದಗಳಲ್ಲಿ ಈ ಜಿಗಿತ ಎದ್ದು ಕಾಣುತ್ತದೆ. ಆ ಪದಗಳಲ್ಲೂ ಶೆರ್ ಅವರ ದಪ್ಪ ಮಂದ್ರಕಂಠದ ಗುರುತು ಅಳಿಸಿಲ್ಲ, ಅಳಿದದ್ದು ಜಾರು ಮಾತ್ರ. ಟಾಕರಿನ ಧ್ವನಿಗೆ ಮೂಲಕಂಠವನ್ನು ಬೆರೆಸಿರಬಹುದಲ್ಲವೇ ಎಂದು ಕೇಳುವವರುಂಟು. ಬೆರೆಸಿದ್ದರೆ ಮೂಲಕಂಠದ ಜಾರೂ ಅಡಿಯಲ್ಲಿ ಕೇಳಬೇಕಿತ್ತು. ಕೇಳುವುದಿಲ್ಲ. ಈ ಒಂದು ಅಂಶಕ್ಕೆ ವೊಕೋಡರ್ ಪಕ್ಷದಲ್ಲಿ ಉತ್ತರವಿಲ್ಲ.

ಹಾಗಾದರೆ ಸುಳ್ಳೇಕೆ? ಕಾಲ ನೋಡಿ. ಹಾಡು 1998ರ ಅಕ್ಟೋಬರ್ ಕೊನೆಯಿಂದ ಬ್ರಿಟನ್ನಿನಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರ ತುದಿ ಮುಟ್ಟಿದ್ದು 1999ರ ಮಾರ್ಚಿನಲ್ಲಿ. ಸಂದರ್ಶನ ಅಚ್ಚಾದದ್ದು ಇವೆರಡರ ನಡುವೆ, ಎಲ್ಲರೂ ಆ ಧ್ವನಿಯ ಗುಟ್ಟು ಕೇಳುತ್ತಿದ್ದಾಗ. ಆಟೋಟ್ಯೂನ್ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾದ ಸಾಫ್ಟ್‌ವೇರ್. ಬೇಕಾದದ್ದು ಒಂದು ತಿರುಗಣೆಯನ್ನು ಕೊನೆಯವರೆಗೆ ತಿರುಗಿಸುವ ಧೈರ್ಯ ಮಾತ್ರ. ಇಷ್ಟು ಸುಲಭದ ಗುಟ್ಟನ್ನು ಬೇರೆ ಹೆಸರಿನ ಹಿಂದೆ ಮುಚ್ಚಿಡದೆ ಕಾಯುವುದು ಕಷ್ಟ. ತೈಲ ಹುಡುಕಲು ಭೂಗರ್ಭದ ಅಲೆಗಳನ್ನು ಓದುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಈ ಸಾಫ್ಟ್‌ವೇರ್ ರೂಪಿಸಿದವರು. ಸೊನ್ನೆಯ ಗುರುತಿಟ್ಟ ಅವರೂ ಅದನ್ನು ಯಾರಾದರೂ ಬಳಸುತ್ತಾರೆಂದು ಎಣಿಸಿರಲಿಲ್ಲ.

ಆದರೆ ಯಂತ್ರದ ಹೆಸರು ಸುಳ್ಳಾದ ಮಾತ್ರಕ್ಕೆ ಉಳಿದದ್ದೆಲ್ಲ ಸುಳ್ಳಾಗದು. ತಾನು ಮಾಡಿದ್ದನ್ನು ಶೆರ್ ಅವರಿಗೆ ಕೇಳಿಸುವಾಗ ಅಂಜಿಕೆಯಿತ್ತು ಎಂಬ ಟೇಲರರ ಮಾತಿಗೆ ಬೇರೆ ಕಡೆಯಿಂದ ಪುಷ್ಟಿಯಿದೆ. 1999ರಲ್ಲೇ ಶೆರ್ ಅಮೆರಿಕದ ಪತ್ರಿಕೆಯೊಂದಕ್ಕೆ ಹೇಳಿದಂತೆ, ಗಾಯಕ ರೋಚ್‌ಫರ್ಡ್ ಅವರ ಧ್ವನಿಮುದ್ರಿಕೆಯೊಂದರಲ್ಲಿದ್ದ ವಿಚಿತ್ರ ಕಂಠ ಅವರ ಗಮನ ಸೆಳೆದಿತ್ತು. ಟೇಲರರ ಪ್ರಯೋಗ ಕೇಳಿ ಅವರು ಮೆಚ್ಚಿದರು. ಧ್ವನಿಮುದ್ರಣ ಕಂಪನಿಯ ಕಡೆಯಿಂದ ಅದನ್ನು ತೆಗೆಯಿರೆಂಬ ಸೂಚನೆ ಬಂದಾಗ, ತಾವು ಬದುಕಿರುವವರೆಗೆ ಅದು ಸಾಧ್ಯವಿಲ್ಲವೆಂದುಬಿಟ್ಟರು. ಅಂದರೆ ತಮ್ಮ ಕಂಠದ ಮೇಲಾದ ಈ ಪ್ರಯೋಗವನ್ನು ಉಳಿಸಿಕೊಂಡವರು ಸ್ವತಃ ಗಾಯಕಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಐವತ್ತು ದಾಟಿದ ಹೆಂಗಸಿನ ಸೋತ ದನಿಗೆ ಯಂತ್ರ ಊರುಗೋಲಾಯಿತು ಎಂಬ ಧಾಟಿಯಲ್ಲಿ ಬರೆಯುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ದೋಷ ಮುಚ್ಚುವವರು ತಿರುಗಣೆಯನ್ನು ಸೊನ್ನೆಗೆ ತರುವುದಿಲ್ಲ, ಯಾರಿಗೂ ಕೇಳದಷ್ಟು ಮೆಲ್ಲಗೆ ಇಡುತ್ತಾರೆ. ಪಲ್ಲವಿಯಲ್ಲಿ ಕಂಠ ಬಹುಮಟ್ಟಿಗೆ ತನ್ನ ಬಲದ ಮೇಲೆಯೇ ನಿಲ್ಲುತ್ತದೆ. ಅದೇ ಆಲ್ಬಮ್ಮಿನ ‘ಸ್ಟ್ರಾಂಗ್ ಇನಫ್’ ಕೇಳಿದವರು ಊರುಗೋಲಿನ ಮಾತೆತ್ತಲಾರರು.

ಆಲ್ಬಮ್ಮಿನ ಉಳಿದ ಭಾಗದಲ್ಲಿ ವಿವಾದ ಹೆಚ್ಚಿಲ್ಲ. ಹತ್ತು ಹಾಡುಗಳು, ಟೇಲರ್ ಮತ್ತು ಬ್ರಯನ್ ರಾಲಿಂಗ್ ಜೊತೆಗೆ ಟಾಡ್ ಟೆರ್ರಿ, ಜೂನಿಯರ್ ವಾಸ್ಕೆಜ್ ಅವರ ಕೈಯೂ ಇದೆ. 1987ರ ‘ವೀ ಆಲ್ ಸ್ಲೀಪ್ ಅಲೋನ್’ ಇಲ್ಲಿ ಹೊಸ ಉಡುಗೆಯಲ್ಲಿ ಬಂದಿದೆ. ಶೀರ್ಷಿಕೆಗೀತೆಗೆ ಆರು ರಚನಕಾರರ ಹೆಸರಿರುವುದು ಮಾತ್ರ ಗಮನಾರ್ಹ: ಹಲವರ ಕೈ ದಾಟಿ ಬಂದ ಹಸ್ತಪ್ರತಿಯ ಲಕ್ಷಣವಿದು. ಈ ತಂತ್ರವನ್ನು ಮೊತ್ತಮೊದಲು ಬಳಸಿದ್ದು ಇದೇ ಹಾಡೇ ಎಂಬ ಚರ್ಚೆಗೆ ನಾನು ಕೈಹಾಕುವುದಿಲ್ಲ. ಆ ಧ್ವನಿಗೆ ‘ಶೆರ್ ಎಫೆಕ್ಟ್’ ಎಂದು ಹೆಸರಾದದ್ದು ಇದರಿಂದ, ಅಷ್ಟು ಸಾಕು.

‘ಸೌಂಡ್ ಆನ್ ಸೌಂಡ್’ ತನ್ನ ಹಳೆಯ ಲೇಖನವನ್ನು ತಿದ್ದದೆ, ಸುಳ್ಳನ್ನು ಸುಳ್ಳಾಗಿಯೇ ಬಿಟ್ಟು ಟಿಪ್ಪಣಿ ಮಾತ್ರ ಹಚ್ಚಿತು. ಅದು ಸರಿಯಾದ ಸಂಪಾದನೆ. ಇನ್ನು ಮುಂದೆ ಈ ಹಾಡಿನ ಬಗ್ಗೆ ಬರೆಯುವವರು ಆ ಸಂದರ್ಶನವನ್ನು ಟಿಪ್ಪಣಿಯ ಸಮೇತ ಉಲ್ಲೇಖಿಸಲಿ, ವೊಕೋಡರ್ ಎಂಬ ಪದವನ್ನು ಕೈಬಿಡಲಿ.