ಹಲರ ಸಭೆ ಮತ್ತು ಪಂಪ್‌ವೆಲ್

ಮಂಗಳೂರಿಗೆ ತೆಂಕಣದಿಂದ ಬರುವವರು ನೇತ್ರಾವತಿಯ ಸೇತುವೆಯನ್ನು ದಾಟಿದ ಮೇಲೆ ಎದುರಾಗುವ ದೊಡ್ಡ ಕೂಡುದಾರಿ ಪಂಪ್‌ವೆಲ್. ಮಹಾವೀರ ವೃತ್ತವೆಂದು ಅದಕ್ಕೆ ವಿಧಿವತ್ತಾಗಿ ನಾಮಕರಣವಾಗಿದ್ದರೂ ಊರವರ ನಾಲಗೆ ಹಳೆಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಪಂಪು, ಬಾವಿ ಎಂಬ ಎರಡು ಪದಗಳು ಕೂಡಿ ಆದ ಹೆಸರು ಅದು. ಎರಡೂ ನೀರಿನ ಮಾತೇ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಂತಾಗ, ಹೆಸರು ತನ್ನ ಅರ್ಥವನ್ನು ತಾನೇ ಸಾಧಿಸಿ ತೋರಿಸುತ್ತಿದೆಯೋ ಎನಿಸುತ್ತದೆ. ಆಗ ಅಲ್ಲಿನ ನಿವಾಸಿಗಳು ಕೇಳುವ ಪ್ರಶ್ನೆ ಒಂದೇ: ಇದನ್ನು ಯಾರ ಮುಂದೆ ಹೇಳೋಣ?

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕೆ ದೀರ್ಘವಾದ ಇತಿಹಾಸವುಂಟು.

ಬಾರಕೂರು, ಬಸರೂರುಗಳ ಶಾಸನಗಳನ್ನು ಓದಿದವರಿಗೆ 'ಹಲರು' ಎಂಬ ಮಾತು ಪರಿಚಿತ. 'ಹಲವು' ಎಂಬುದರ ಬಂಧುವಾದ ಈ ಪದಕ್ಕೆ ಬಹುಮಂದಿ ಎಂದೇ ಅರ್ಥ. ಬಾರಕೂರು ಹತ್ತು ಕೇರಿಗಳ ಪಟ್ಟಣವೆನಿಸಿತ್ತು. ಬಸರೂರಿನಲ್ಲಿ ಪಡುವಕೇರಿ, ಮೂಡುಕೇರಿಗಳಿದ್ದವು. ವಿಜಯನಗರದ ಕಾಲದಲ್ಲಿ ಅರಸನ ಪ್ರತಿನಿಧಿಯು ರಾಜ್ಯವಾಳುತ್ತಿದ್ದಾಗಲೂ ದತ್ತಿ ಧರ್ಮಗಳ ಶಾಸನಗಳಲ್ಲಿ ಕೇರಿಯ ಹಲರ ಹೆಸರು ಮತ್ತೆ ಮತ್ತೆ ಬರುತ್ತದೆ. ಅವರನ್ನು ಬಿಟ್ಟು ಕೇರಿಯ ಕಾರ್ಯ ನಡೆಯುತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗೆಂದು ಅದನ್ನು ಇಂದಿನ ಪ್ರಜಾಪ್ರಭುತ್ವವೆಂದು ಕೊಂಡಾಡುವುದು ತಪ್ಪಾದೀತು. ಹಲರೆಂದರೆ ವರ್ತಕರು, ಒಡೆಯರು, ಸ್ಥಿತಿವಂತರು. ಕೇರಿಯ ಎಲ್ಲರೂ ಅಲ್ಲ. ಆದರೂ ದೂರು ಕೇಳುವವನೂ ಪರಿಹಾರ ಮಾಡುವವನೂ ಅದೇ ಕೇರಿಯಲ್ಲಿ ವಾಸವಾಗಿದ್ದ ಎಂಬ ಒಂದು ಗುಣವನ್ನು ಮರೆಯಲಾಗದು.

ಆಂಗ್ಲರ ಕಾಲದಲ್ಲಿ ಈ ವ್ಯವಸ್ಥೆ ಬೇರೊಂದು ರೂಪ ತಾಳಿತು. 1865ರ ಮದರಾಸು ಪಟ್ಟಣ ಸುಧಾರಣೆಯ ಕಾಯಿದೆಯ ಮೇರೆಗೆ 1866ರಲ್ಲಿ ಮಂಗಳೂರಿಗೆ ಮುನಿಸಿಪಾಲಿಟಿ ಬಂದಿತು. ಅದರ ಸದಸ್ಯರನ್ನು ಸರಕಾರವೇ ನೇಮಿಸುತ್ತಿತ್ತು. ತೆರಿಗೆ ಕೊಡುವವರು ಪುರಜನರು. ಅದನ್ನು ವೆಚ್ಚ ಮಾಡುವವರು ಸರಕಾರ ಆರಿಸಿದವರು! 1882ರಲ್ಲಿ ಲಾರ್ಡ್ ರಿಪ್ಪನ್ನನು ಸ್ಥಳೀಯ ಸ್ವಯಮಾಡಳಿತದ ನಿರ್ಣಯವನ್ನು ಹೊರಡಿಸಿದ. ಪೌರಸಭೆಗಳಿಂದ ಆಡಳಿತದ ದಕ್ಷತೆ ಹೆಚ್ಚೀತು ಎಂಬುದಕ್ಕಿಂತ, ಜನ ಅವುಗಳಲ್ಲಿ ರಾಜ್ಯಭಾರವನ್ನು ಕಲಿತಾರು ಎಂಬುದೇ ಅವನ ಮುಖ್ಯ ವಾದವಾಗಿತ್ತು. ಅದರ ಫಲವಾಗಿ ಬಂದ 1884ರ ಮದರಾಸು ಕಾಯಿದೆ ಚುನಾವಣೆಯ ಬಾಗಿಲನ್ನು ಇನ್ನಷ್ಟು ತೆರೆಯಿತು. ಆದರೆ ಒಳಗೆ ಬರಲು ಆಸ್ತಿ, ತೆರಿಗೆಗಳ ಹೊಸ್ತಿಲನ್ನು ದಾಟಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಹೊಸ್ತಿಲು ಹೋಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು; 1980ರಲ್ಲಿ ಮಂಗಳೂರಿಗೆ ಮಹಾನಗರಪಾಲಿಕೆಯಾಯಿತು. ಇಂದು ಲಾಲ್‌ಬಾಗಿನಲ್ಲಿರುವ ಪಾಲಿಕೆಯ ಪರಿಷತ್ತಿಗೆ ಅರುವತ್ತು ವಾರ್ಡುಗಳು.

ಆದರೆ ಪರಿಷತ್ತಿನಲ್ಲಿ ಮಾತಾಡುವ ಹಕ್ಕು ಸದಸ್ಯನದು, ನಿವಾಸಿಯದಲ್ಲ. ನಿವಾಸಿ ಪ್ರೇಕ್ಷಕರ ಸಾಲಿನಲ್ಲಿ ಮೌನವಾಗಿ ಕುಳಿತುಕೊಳ್ಳಬಹುದು. ಈ ಮೌನವನ್ನು ಮುರಿಯಲೆಂದೇ ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಮೂರು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ವಾರ್ಡು ಸಮಿತಿಗಳನ್ನು ವಿಧಿಸಲಾಯಿತು. ಕರ್ನಾಟಕದ ಕಾಯಿದೆಗೆ 2011ರಲ್ಲಿ ಆದ ತಿದ್ದುಪಡಿ ಆ ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ನಿವಾಸಿಗಳ ಸಂಘಗಳಿಗೂ ಸ್ಥಾನವನ್ನು ಗೊತ್ತುಮಾಡಿತು. ಹಳೆಯ ಹಲರಲ್ಲಿ ಇಲ್ಲದಿದ್ದವರು ಕಾಗದದ ಮೇಲೆ ಹೊಸ ಹಲರಾದರು. ಆದರೆ ಮಂಗಳೂರಿನಲ್ಲಿ ಸಮಿತಿಗಳು ಕಾಗದದಿಂದ ಇಳಿದು ಬರಬೇಕಾದರೆ ನಾಗರಿಕರು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಬೇಕಾಯಿತು.

ಇನ್ನು ಪಂಪ್‌ವೆಲ್ಲಿಗೆ ಮರಳೋಣ. ಅಲ್ಲಿನ ಮೇಲ್ಸೇತುವೆಯ ಕತೆ ಜಿಲ್ಲೆಯಲ್ಲಿ ಗಾದೆಯಷ್ಟೇ ಪ್ರಸಿದ್ಧ. ವರ್ಷದ ಮೇಲೆ ವರ್ಷ ಉರುಳಿದರೂ ಮುಗಿಯದ ಆ ಕಾಮಗಾರಿ ನಗೆಯ ಮಾತಾಗಿ, ಪ್ರತಿಭಟನೆಗಳಿಗೆ ಕಾರಣವಾಗಿ, ಕಡೆಗೆ 2020ರ ಜನವರಿ 31ರಂದು ಸಂಚಾರಕ್ಕೆ ತೆರೆಯಿತು. ಅದುವರೆಗೆ ಧೂಳು ಕುಡಿದವರು, ಕೆಸರು ತುಳಿದವರು, ಅಂಗಡಿಯ ಬಾಗಿಲಲ್ಲಿ ಗಿರಾಕಿಗಾಗಿ ಕಾದವರು ಅಲ್ಲಿಯ ನಿವಾಸಿಗಳು. ಅವರು ತಮ್ಮ ಸದಸ್ಯನಲ್ಲಿ ಹೇಳಿದರೆ ಸದಸ್ಯನು ಏನು ಮಾಡಬಲ್ಲ? ಹೆದ್ದಾರಿ ರಾಷ್ಟ್ರದ್ದು, ಅದರ ಪ್ರಾಧಿಕಾರ ಕೇಂದ್ರ ಸರಕಾರದ್ದು. ಪಕ್ಕದ ಚರಂಡಿ ಪಾಲಿಕೆಯದು. ನೀರಿಗೆ ಮಾತ್ರ ಈ ಗಡಿ ಗೊತ್ತಿಲ್ಲ. ಹೆದ್ದಾರಿಯ ಮೇಲೆ ಬಿದ್ದ ಮಳೆ ಪಾಲಿಕೆಯ ತೋಡನ್ನು ಹುಡುಕಿಕೊಂಡು ಹೋಗುತ್ತದೆ. ದಾರಿ ಸಿಗದಿದ್ದರೆ ನಿಂತಲ್ಲೇ ನಿಲ್ಲುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಹಿಂದಿನ ಪರಿಷತ್ತಿನ ಅವಧಿ 2019ರ ಮಾರ್ಚಿಯಲ್ಲಿ ಮುಗಿದಿತ್ತು. ಚುನಾವಣೆ ನಡೆದದ್ದು ನವೆಂಬರಿನಲ್ಲಿ. ಹೊಸ ಮೇಯರರ ಆಯ್ಕೆ 2020ರ ಫೆಬ್ರವರಿಯ ಕೊನೆಯಲ್ಲಿ. ಎಂದರೆ, ಮೇಲ್ಸೇತುವೆ ಮುಗಿಯುವ ಆ ಕಡೆಯ ತಿಂಗಳುಗಳಲ್ಲಿ ನಗರಕ್ಕೆ ಸೇರುವ ಪರಿಷತ್ತೇ ಇರಲಿಲ್ಲ. ಆ ಪರಿಷತ್ತಿನ ಅವಧಿಯೂ 2025ರ ಫೆಬ್ರವರಿಯಲ್ಲಿ ಮುಗಿಯಿತು. ಹೊಸದು ಬರುವ ಮೊದಲೇ ಆಡಳಿತ ಮತ್ತೆ ಅಧಿಕಾರಿಗಳ ಕೈಗೆ ಬಂದಿತು. ಅವಧಿ ತೀರುವ ಮುನ್ನವೇ ಚುನಾವಣೆಯಾಗಬೇಕೆಂಬುದು ಸಂವಿಧಾನದ ವಿಧಿ. ಅಧಿಕಾರಿ ದಕ್ಷನಾಗಿರಬಹುದು, ಸಜ್ಜನನಾಗಿರಬಹುದು. ಆದರೆ ಅವನಿಗೆ ಕೊಡುವುದು ಅರ್ಜಿ. ಸಭೆಯಲ್ಲಿ ಕೇಳುವುದು ಪ್ರಶ್ನೆ. ಅರ್ಜಿ ಕಡತಕ್ಕೆ ಸೇರುತ್ತದೆ; ಸಭೆಯ ಪ್ರಶ್ನೆಗೆ ನಾಲ್ಕು ಜನರ ಎದುರಿಗೆ ಉತ್ತರ ಕೊಡಬೇಕಾಗುತ್ತದೆ.

ಆರು ಶತಮಾನಗಳ ಈ ದಾರಿಯನ್ನು ಹಿಂದಿರುಗಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕೇಳುವ ಹಕ್ಕು ಕೆಲವರಿಂದ ಎಲ್ಲರಿಗೂ ಹಬ್ಬಿದೆ. ಅದು ನಿಜವಾದ ಲಾಭ, ಅದನ್ನು ಕಳೆದುಕೊಳ್ಳಬಾರದು. ಆದರೆ ಉತ್ತರ ಕೊಡಬೇಕಾದವರು ಕೇರಿಯಿಂದ ದೂರ ದೂರಕ್ಕೆ ಸರಿದಿದ್ದಾರೆ. ಇದಕ್ಕೆ ಪರಿಹಾರ ಹಳೆಯ ಕೇರಿಗೆ ಮರಳುವುದಲ್ಲ. ಪರಿಷತ್ತು ಕಾಲಕ್ಕೆ ಸರಿಯಾಗಿ ಇರಬೇಕು. ವಾರ್ಡು ಸಮಿತಿ ತಪ್ಪದೆ ಸೇರಬೇಕು. ಹೆದ್ದಾರಿಯವರೂ ಪಾಲಿಕೆಯವರೂ ಒಂದೇ ಮೇಜಿನ ಮುಂದೆ ಕುಳಿತು, 'ಅದು ನಮ್ಮದಲ್ಲ' ಎಂಬ ಮಾತನ್ನು ಪರಸ್ಪರರ ಎದುರಿನಲ್ಲೇ ಆಡಬೇಕು. ಆಗ ಆ ಮಾತು ಬಹಳ ಹೊತ್ತು ನಿಲ್ಲಲಾರದು.

ಅದುವರೆಗೆ ಪಂಪ್‌ವೆಲ್ಲಿನಲ್ಲಿ ನಿಲ್ಲುವುದು ನೀರೇ.