ಬಂಡಿಯಿಂದ ಕಾರಿಗೆ, ಕಾರಿನಿಂದ ಬೀದಿಗೆ: ಸ್ಟುಡಿಬೇಕರ್ ಕಥೆ

ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಿನ ವಸ್ತುಸಂಗ್ರಹಾಲಯವೊಂದರಲ್ಲಿ ಎರಡು ವಾಹನಗಳಿವೆ. ಒಂದು ಕುದುರೆ ಸಾರೋಟು. 1865ರ ಏಪ್ರಿಲ್ 14ರ ರಾತ್ರಿ ಅಧ್ಯಕ್ಷ ಅಬ್ರಹಾಂ ಲಿಂಕನ್ ನಾಟಕ ನೋಡಲು ಹೊರಟದ್ದು ಇದರಲ್ಲಿಯೇ. ನಾಟಕಶಾಲೆಯಲ್ಲಿ ಗುಂಡೇಟು ತಿಂದ ಅವರು ಮತ್ತೆ ಈ ಸಾರೋಟು ಹತ್ತಲಿಲ್ಲ. ಇನ್ನೊಂದು, 1966ರ ಮಾರ್ಚ್‌ನಲ್ಲಿ ಕೆನಡಾದ ಹ್ಯಾಮಿಲ್ಟನ್ ಕಾರ್ಖಾನೆಯಿಂದ ಹೊರಬಂದ ಸಾಧಾರಣ ಕುಟುಂಬದ ಕಾರು. ಸ್ಟುಡಿಬೇಕರ್ ಎಂಬ ಹೆಸರು ಹೊತ್ತ ಕಟ್ಟಕಡೆಯ ಕಾರು ಅದು.

ಲಿಂಕನ್ನರ ಸಾರೋಟನ್ನು ತಯಾರಿಸಿದವರು ಸ್ಟುಡಿಬೇಕರ್ ಸಹೋದರರಲ್ಲ. ನಂತರದ ದಿನಗಳಲ್ಲಿ ಅವರು ಅದನ್ನು ಕೊಂಡು ತಂದು ಜೋಪಾನವಾಗಿ ಇಟ್ಟುಕೊಂಡರು. ಬಂಡಿ ಕಟ್ಟುವವರಿಗೆ ಬಂಡಿಯ ಮೇಲಿನ ಮಮತೆ ಎನ್ನೋಣ. ಅಮೆರಿಕದ ಕಾರು ಎಂದೊಡನೆ ನಮಗೆ ನೆನಪಾಗುವ ಫೋರ್ಡ್, ಷೆವರ್ಲೆ ಹೆಸರುಗಳು ಹುಟ್ಟುವ ಅರ್ಧ ಶತಮಾನಕ್ಕೂ ಮುಂಚೆ ಈ ಕುಟುಂಬ ಚಕ್ರಕ್ಕೆ ಪಟ್ಟಿ ಬಡಿಯುತ್ತಿತ್ತು. ನೊಗದಿಂದ ಎಂಜಿನ್ನಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ದಾಟಿ ಬಂದ ಬಂಡಿ ಕಂಪೆನಿ ಆ ದೇಶದಲ್ಲಿ ಇನ್ನೊಂದಿಲ್ಲ. ಹಾಗೆ ದಾಟಿ ಬಂದದ್ದು ಮುಳುಗಿದ್ದು ಹೇಗೆ? ಮುಳುಗುವಾಗ ಅದು ಎಷ್ಟು ಜನರ ಮುಪ್ಪಿನ ಅನ್ನವನ್ನು ಜೊತೆಗೆ ಒಯ್ದಿತು?

68 ಡಾಲರಿನ ಕುಲುಮೆ

ಹೆನ್ರಿ ಮತ್ತು ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು ಸೌತ್ ಬೆಂಡ್‌ನಲ್ಲಿ ಕಮ್ಮಾರಸಾಲೆ ತೆರೆದದ್ದು 1852ರ ಫೆಬ್ರುವರಿಯಲ್ಲಿ. ಕೈಯಲ್ಲಿದ್ದದ್ದು 68 ಡಾಲರ್. ತಂದೆಯೂ ಕಮ್ಮಾರರೇ; ಸಾಲ ಕೊಟ್ಟು ವಸೂಲು ಮಾಡಲು ಬಾರದ ಸಾಧು ಮನುಷ್ಯ. ಅದೇ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಹುಚ್ಚು ಹಬ್ಬಿತ್ತು. ಮೂರನೆಯ ತಮ್ಮ ಜಾನ್ ಮೊಹ್ಲರ್ ಅತ್ತ ಹೊರಟ. ಆದರೆ ಪ್ಲಾಸರ್‌ವಿಲ್ ಊರಿಗೆ ಹೋಗಿ ಅವನು ಚಿನ್ನ ಅಗೆಯಲಿಲ್ಲ. ಅಗೆಯುವವರಿಗೆ ಮಣ್ಣು ಹೊರಲು ಬೇಕಾದ ಒಂಟಿ ಚಕ್ರದ ಕೈಗಾಡಿಗಳನ್ನು ಮಾಡಿ ಮಾರಿದ! ಚಿನ್ನ ಸಿಕ್ಕರೂ ಸಿಗದಿದ್ದರೂ ಗಾಡಿಯಂತೂ ಬೇಕಲ್ಲ. 1858ರಲ್ಲಿ ಊರಿಗೆ ಮರಳುವಾಗ ಅವನ ಬಳಿ 8,000 ಡಾಲರ್ ಇತ್ತು. ಆ ಹಣದಿಂದ ಹೆನ್ರಿಯ ಪಾಲನ್ನು ಕೊಂಡ. ಈ ಕುಟುಂಬ ಯುದ್ಧವನ್ನು ಪಾಪವೆಂದು ನಂಬುವ ಕ್ರೈಸ್ತ ಪಂಗಡಕ್ಕೆ ಸೇರಿದ್ದು. ಸೈನ್ಯಕ್ಕೆ ಬಂಡಿ ಒದಗಿಸುವ ಕೆಲಸ ಹಿಡಿಸದೆ ಹೆನ್ರಿ ಹೊರನಡೆದ ಎನ್ನುತ್ತಾರೆ.

ಉಳಿದವರಿಗೆ ಅಂಥ ಸಂಕೋಚ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಸ್ಟುಡಿಬೇಕರ್ ಬಂಡಿಗಳು ಹೋದವು. ಪಶ್ಚಿಮಕ್ಕೆ ವಲಸೆ ಹೊರಟ ಕುಟುಂಬಗಳ ಕೆಳಗೂ ಅವೇ ಚಕ್ರಗಳು ಉರುಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಗತ್ತಿನ ಅತಿ ದೊಡ್ಡ ಬಂಡಿ ತಯಾರಕರೆಂದು ಅವರು ಹೇಳಿಕೊಳ್ಳುತ್ತಿದ್ದರು.

1902ರಲ್ಲಿ ಅವರು ಮೊದಲ ಕಾರು ಮಾಡಿದರು. ಅದು ಯಾವ ಕಾರು ಗೊತ್ತೆ? ವಿದ್ಯುತ್ ಕಾರು! ಬ್ಯಾಟರಿಯಿಂದ ಓಡುವ ಕಾರು ನಮ್ಮ ಕಾಲದ ಹೊಸ ಸುದ್ದಿ ಎಂದುಕೊಂಡವರು ಇದನ್ನು ಗಮನಿಸಬೇಕು. 1909ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದ ಸುರಂಗದಲ್ಲಿ ಸೆನೆಟರುಗಳನ್ನು ಕಚೇರಿಯಿಂದ ಸದನಕ್ಕೆ ಒಯ್ಯುತ್ತಿದ್ದದ್ದೂ ಸ್ಟುಡಿಬೇಕರ್ ವಿದ್ಯುತ್ ಗಾಡಿಯೇ. ಪೆಟ್ರೋಲ್ ಕಾರು 1904ರಲ್ಲಿ ಬಂತು. ಬಂಡಿಯ ಕೆಲಸ ನಿಲ್ಲಿಸಿದ್ದು 1920ರಲ್ಲಿ.

ಮೊದಲ ಮುಳುಗು

ಆಲ್ಬರ್ಟ್ ಅರ್ಸ್ಕಿನ್ 1915ರಲ್ಲಿ ಅಧ್ಯಕ್ಷರಾದರು. ಲೆಕ್ಕಪತ್ರದ ಹಿನ್ನೆಲೆಯ ಮನುಷ್ಯ. ಲೆಕ್ಕ ಬಲ್ಲವರೇ ಲೆಕ್ಕ ತಪ್ಪಿದ ಉದಾಹರಣೆ ಬೇಕಿದ್ದರೆ ಇವರನ್ನು ನೋಡಬಹುದು. ತಮ್ಮದೇ ಹೆಸರಿನ ಸಣ್ಣ ಕಾರೊಂದನ್ನು ಹೊರತಂದರು, ಅದು ಓಡಲಿಲ್ಲ. 1928ರಲ್ಲಿ ಶ್ರೀಮಂತರ ಕಾರಾದ ಪಿಯರ್ಸ್ ಆರೋ ಕಂಪೆನಿಯನ್ನು ಕೊಂಡರು, ಮರುವರ್ಷವೇ ಷೇರುಪೇಟೆ ಕುಸಿಯಿತು. ಆರ್ಥಿಕ ಮುಗ್ಗಟ್ಟು ಬೇಗ ಕಳೆಯುತ್ತದೆ ಎಂಬ ಭರವಸೆಯಲ್ಲಿ, ಬಂದ ಲಾಭಕ್ಕಿಂತ ಎಷ್ಟೋ ಹೆಚ್ಚಿನ ಲಾಭಾಂಶವನ್ನು ಷೇರುದಾರರಿಗೆ ಹಂಚಿದರು. ಮುಗ್ಗಟ್ಟು ಕಳೆಯಲಿಲ್ಲ, ಖಜಾನೆ ಬರಿದಾಯಿತು. 1933ರ ಮಾರ್ಚ್‌ನಲ್ಲಿ ಕಂಪೆನಿ ನ್ಯಾಯಾಲಯದ ಸುಪರ್ದಿಗೆ ಹೋಯಿತು. ಜುಲೈ 1ರಂದು ಅರ್ಸ್ಕಿನ್ ಆತ್ಮಹತ್ಯೆ ಮಾಡಿಕೊಂಡರು.

ಹೆರಾಲ್ಡ್ ವ್ಯಾನ್ಸ್ ಮತ್ತು ಪಾಲ್ ಹಾಫ್‌ಮನ್ ಎಂಬಿಬ್ಬರು ಕಂಪೆನಿಯನ್ನು ಎತ್ತಿ ನಿಲ್ಲಿಸಿದರು. ವ್ಯಾನ್ಸ್ ಕಾರ್ಖಾನೆ ನೋಡಿಕೊಂಡರೆ ಹಾಫ್‌ಮನ್ ಮಾರಾಟ ನೋಡಿಕೊಂಡರು. 1939ರಲ್ಲಿ ಬಂದ ‘ಚಾಂಪಿಯನ್’ ಹಗುರವಾದ, ಕಡಿಮೆ ಪೆಟ್ರೋಲ್ ಕುಡಿಯುವ, ಜನಕ್ಕೆ ಎಟಕುವ ಕಾರು. ಅದರ ರೂಪ ರೇಮಂಡ್ ಲೋವಿ ಅವರದು. ಲಕ್ಕಿ ಸ್ಟ್ರೈಕ್ ಸಿಗರೇಟಿನ ಪೊಟ್ಟಣದಿಂದ ಹಿಡಿದು ರೈಲು ಎಂಜಿನ್ನಿನವರೆಗೆ ಎಲ್ಲಕ್ಕೂ ಆಕಾರ ಕೊಟ್ಟ ಫ್ರೆಂಚ್ ಮೂಲದ ವಿನ್ಯಾಸಕಾರ ಇವರು.

ಆಮೇಲೆ ಯುದ್ಧ ಬಂತು. ಸ್ಟುಡಿಬೇಕರ್ ಸುಮಾರು 2 ಲಕ್ಷ ಸೇನಾ ಲಾರಿಗಳನ್ನು ತಯಾರಿಸಿತು. ಲಕ್ಷಕ್ಕೂ ಹೆಚ್ಚು ಲಾರಿಗಳು ಸೋವಿಯತ್ ರಷ್ಯಕ್ಕೆ ಹೋದವು. ಹಿಟ್ಲರನ ಸೈನ್ಯವನ್ನು ನಡುಗಿಸಿದ ಕತ್ಯೂಷಾ ರಾಕೆಟ್ಟುಗಳನ್ನು ರಷ್ಯನ್ನರು ಹೂಡಿದ್ದು ಈ ಲಾರಿಗಳ ಬೆನ್ನ ಮೇಲೆಯೇ. ಯುದ್ಧವೇ ಬೇಡವೆಂದ ಹೆನ್ರಿಯ ಕುಲುಮೆ ಎಲ್ಲಿಗೆ ಬಂದು ತಲುಪಿತು ನೋಡಿ!

ಹಾಫ್‌ಮನ್ ಅವರ ಹೆಸರು ನಮಗೂ ಪರಕೀಯವಲ್ಲ. 1948ರಲ್ಲಿ ಕಂಪೆನಿ ಬಿಟ್ಟ ಅವರು ಯುರೋಪಿನ ಪುನರ್ನಿರ್ಮಾಣದ ಮಾರ್ಷಲ್ ಯೋಜನೆಯ ಆಡಳಿತ ನಡೆಸಿದರು. ಬಳಿಕ ಫೋರ್ಡ್ ಪ್ರತಿಷ್ಠಾನದ ಅಧ್ಯಕ್ಷರಾಗಿ 1951ರಲ್ಲಿ ಭಾರತಕ್ಕೆ ಬಂದರು. ಪ್ರಧಾನಿ ನೆಹರೂ ಅವರ ಆಹ್ವಾನದ ಮೇರೆಗೆ ಪ್ರತಿಷ್ಠಾನ 1952ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ನಮ್ಮ ಹಳ್ಳಿಗಳಿಗೆ ‘ಬ್ಲಾಕು’, ‘ಗ್ರಾಮಸೇವಕ’ ಎಂಬ ಮಾತುಗಳನ್ನು ತಂದ ಸಮುದಾಯ ಅಭಿವೃದ್ಧಿ ಯೋಜನೆಗೆ ಅದರ ನೆರವು ಇತ್ತು. ಇತ್ತ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಕೂಡ ಒಂದಷ್ಟು ಕಾಲ ಸ್ಟುಡಿಬೇಕರ್ ವಾಹನಗಳನ್ನು ಬಿಡಿಭಾಗ ತರಿಸಿ ಜೋಡಿಸಿ ಮಾರುತ್ತಿತ್ತು. ಹಿಂದೆ ಮುಂದೆ ಒಂದೇ ಥರ ಕಾಣುವ ಕಾರು, ವಿಮಾನದ ಮೂತಿಯ ಕಾರು ನಮ್ಮ ರಸ್ತೆಯಲ್ಲೂ ಒಂದೊಂದು ಕಂಡದ್ದು ಹೀಗೆ.

ತುತ್ತತುದಿಯಲ್ಲಿ ತಪ್ಪಿದ ಹೆಜ್ಜೆ

ಯುದ್ಧ ಮುಗಿದಾಗ ಅಮೆರಿಕನ್ನರಿಗೆ ಕಾರಿನ ಹಸಿವು. ದೊಡ್ಡ ಕಂಪೆನಿಗಳು ಹಳೆಯ ಮಾದರಿಗಳನ್ನೇ ಉಜ್ಜಿ ಹೊಳಪಿಸಿ ಮಾರುತ್ತಿದ್ದಾಗ, ಸ್ಟುಡಿಬೇಕರ್ 1947ರ ಮಾದರಿಯಾಗಿ ಪೂರ್ತಿ ಹೊಸ ಕಾರನ್ನು ಬೀದಿಗಿಳಿಸಿತು. 1950ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದೇ ಶಿಖರ.

ಆ ದಿನಗಳ ಜಾಹೀರಾತುಗಳಲ್ಲಿ ಕಾರಿನಷ್ಟೇ ಕಾಣುತ್ತಿದ್ದದ್ದು ಕಾರ್ಮಿಕರು. ಒಂದೇ ಯಂತ್ರದ ಮುಂದೆ ಅಪ್ಪ, ಮಗ. ತಲೆಮಾರಿನಿಂದ ತಲೆಮಾರಿಗೆ ಒಂದೇ ಕಾರ್ಖಾನೆಯಲ್ಲಿ ದುಡಿಯುವ ಮನೆತನಗಳು ಎಂಬುದು ಕಂಪೆನಿಯ ಹೆಮ್ಮೆ. ಅದು ಸುಳ್ಳಲ್ಲ. ಸೌತ್ ಬೆಂಡ್‌ನಲ್ಲಿ ಮಕ್ಕಳು ಅಪ್ಪನ ಹಿಂದೆ ಕಾರ್ಖಾನೆಯ ಗೇಟು ದಾಟುತ್ತಿದ್ದರು. ಕೂಲಿ ಡೆಟ್ರಾಯಿಟ್‌ಗಿಂತ ಹೆಚ್ಚು. ಕಾರಿಗೆ ಬೇಡಿಕೆ ಇದ್ದಾಗ ಕೆಲಸ ನಿಲ್ಲಬಾರದೆಂದು ಆಡಳಿತ ಕೇಳಿದ್ದನ್ನೆಲ್ಲ ಕೊಟ್ಟಿತು. ಬೇಡಿಕೆ ಇಳಿದ ಮೇಲೆ ಕೊಟ್ಟದ್ದನ್ನು ಹಿಂತೆಗೆಯುವುದು ಯಾರಿಂದಾದೀತು? ಕಾರ್ಮಿಕರನ್ನೇ ದೂರುವ ಇತಿಹಾಸಕಾರರೂ ಇದ್ದಾರೆ. ಹಳೆಯ ಬಹುಮಹಡಿ ಕಟ್ಟಡಗಳನ್ನು ಬಿಟ್ಟು ಹೊಸ ಕಾರ್ಖಾನೆ ಕಟ್ಟಬೇಕಿದ್ದ ಹಣವನ್ನು ಬೇರೆಡೆ ಕಳೆದವರು ಕಾರ್ಮಿಕರಲ್ಲ ಎಂಬುದನ್ನು ಅವರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

1953ರ ‘ಸ್ಟಾರ್‌ಲೈನರ್’ ಕಾರಿನ ಕಥೆಯಂತೂ ಕರುಣಾಜನಕ. ಲೋವಿ ತಂಡದ ರಾಬರ್ಟ್ ಬೋರ್ಕ್ ರೂಪಿಸಿದ, ನೆಲಕ್ಕೆ ತಗ್ಗಿ ನಿಂತ ಎರಡು ಬಾಗಿಲಿನ ಸುಂದರ ಕಾರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ಪ್ರದರ್ಶನದಲ್ಲಿ ಅದನ್ನು ಇಟ್ಟಿತು. ಆದರೆ ಕಂಪೆನಿ ಅದಕ್ಕೆ ಗಿರಾಕಿಗಳು ಕಡಿಮೆ ಎಂದು ಊಹಿಸಿ, ನಾಲ್ಕು ಬಾಗಿಲಿನ ಮೊಂಡು ಕಾರನ್ನೇ ಹೆಚ್ಚು ತಯಾರಿಸಲು ಸಿದ್ಧವಾಗಿತ್ತು. ಜನ ಮುಗಿಬಿದ್ದದ್ದು ಚೆಲುವೆಗೆ. ಅವಸರದಲ್ಲಿ ಅದನ್ನು ತಯಾರಿಸಹೊರಟರೆ, ಎಂಜಿನ್ನಿನ ಭಾರಕ್ಕೆ ಚೌಕಟ್ಟು ಬಾಗಿ ಮುಂಭಾಗದ ತಗಡುಗಳು ಒಂದಕ್ಕೊಂದು ಕೂಡಿಕೊಳ್ಳಲಿಲ್ಲ! ತಿಂಗಳುಗಟ್ಟಲೆ ಕಾದ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು.

ಅದೇ ಹೊತ್ತಿಗೆ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ನಡುವೆ ಮಾರಾಟದ ಮಹಾಯುದ್ಧ ಶುರುವಾಯಿತು. ಷೆವರ್ಲೆಯನ್ನು ಹಿಂದಿಕ್ಕಲು ಫೋರ್ಡ್, ಫೋರ್ಡನ್ನು ತಡೆಯಲು ಷೆವರ್ಲೆ, ಬೇಡಿಕೆ ಇರಲಿ ಬಿಡಲಿ, ಕಾರುಗಳನ್ನು ಮಾರಾಟಗಾರರ ಅಂಗಳಕ್ಕೆ ತಂದು ಸುರಿದವು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿರುವ ಗಾದೆಯೇ. 1954ರಲ್ಲಿ ನ್ಯಾಶ್ ಮತ್ತು ಹಡ್ಸನ್ ಒಂದಾದವು. ಪ್ಯಾಕರ್ಡ್ ಸ್ಟುಡಿಬೇಕರನ್ನು ಕೊಂಡಿತು. ನಾಲ್ಕೂ ಸೇರಿ ನಾಲ್ಕನೆಯ ದೊಡ್ಡ ಕಂಪೆನಿಯಾಗಬೇಕೆಂಬ ಕನಸು ನ್ಯಾಶ್‌ನ ಜಾರ್ಜ್ ಮೇಸನ್ ಅವರದಾಗಿತ್ತು. ಅದೇ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಪ್ಯಾಕರ್ಡ್‌ನವರು ಮದುವೆಯ ನಂತರ ಲೆಕ್ಕದ ಪುಸ್ತಕ ತೆರೆದು ಬೆಚ್ಚಿದರು. ನಷ್ಟ ತಪ್ಪಿಸಿಕೊಳ್ಳಲು ಸ್ಟುಡಿಬೇಕರ್ ವರ್ಷಕ್ಕೆ ಎಷ್ಟು ಕಾರು ಮಾರಬೇಕಿತ್ತೋ ಅದರ ಹತ್ತಿರಕ್ಕೂ ಮಾರಾಟ ಬಂದಿರಲಿಲ್ಲ. ಕಾಯಿಲೆಯವನನ್ನು ಹೊತ್ತು ಆರೋಗ್ಯವಂತನೇ ಮೊದಲು ಸತ್ತ: 1958ರಲ್ಲಿ ಪ್ಯಾಕರ್ಡ್ ಹೆಸರು ಅಳಿಯಿತು.

1959ರಲ್ಲಿ ಬಂದ ಪುಟ್ಟ ‘ಲಾರ್ಕ್’ ಒಂದೆರಡು ವರ್ಷ ಉಸಿರು ಕೊಟ್ಟಿತು. ಹಳೆಯ ಕಾರನ್ನೇ ಹಿಂದೆ ಮುಂದೆ ಕತ್ತರಿಸಿ ಮೋಟು ಮಾಡಿದ್ದು ಅದು. ದೊಡ್ಡವರ ಸಣ್ಣ ಕಾರುಗಳು ಬಂದೊಡನೆ ಅದೂ ಸೊರಗಿತು. 1962ರ ‘ಅವಾಂತಿ’ ಕೊನೆಯ ಪಣ. ಅಧ್ಯಕ್ಷ ಷೆರ್ವುಡ್ ಎಗ್ಬರ್ಟ್ ಲೋವಿಯನ್ನು ಮತ್ತೆ ಕರೆಸಿದರು. ಕ್ಯಾಲಿಫೋರ್ನಿಯಾದ ಬಾಡಿಗೆ ಮನೆಯಲ್ಲಿ ಕೆಲವೇ ವಾರಗಳಲ್ಲಿ ಅದರ ರೂಪ ಸಿದ್ಧವಾಯಿತು. ಇಂದು ನೋಡಿದರೂ ಹಳತೆನಿಸದ ಕಾರು. ಆದರೆ ಫೈಬರ್ ಗ್ಲಾಸಿನ ಒಡಲು ಸಮಯಕ್ಕೆ ಸರಿಯಾಗಿ ಬರಲಿಲ್ಲ. ಐದು ಸಾವಿರವೂ ತಯಾರಾಗಲಿಲ್ಲ. ಎಗ್ಬರ್ಟ್ ಕ್ಯಾನ್ಸರ್ ಪೀಡಿತರಾಗಿ ನಿರ್ಗಮಿಸಿದರು.

ಸೇವೆ 23 ವರ್ಷ, ಕೈಗೆ 600 ಡಾಲರ್

ಅಧ್ಯಕ್ಷ ಕೆನಡಿ ಕೊಲೆಯಾಗಿ ಮೂರು ವಾರವೂ ಆಗಿರಲಿಲ್ಲ. 1963ರ ಡಿಸೆಂಬರ್ 9ರಂದು, ಸೌತ್ ಬೆಂಡ್ ಕಾರ್ಖಾನೆಯಲ್ಲಿ ಕಾರು ತಯಾರಿಕೆ ನಿಲ್ಲುತ್ತದೆ ಎಂಬ ಪ್ರಕಟಣೆ ಬಂತು. ಡಿಸೆಂಬರ್ 20ಕ್ಕೆ, ಕ್ರಿಸ್‌ಮಸ್ ಹಬ್ಬದ ಹೊಸ್ತಿಲಲ್ಲಿ, ಅಲ್ಲಿನ ಕೊನೆಯ ಕಾರು ಹೊರಬಂತು. ತಯಾರಿಕೆ ಹ್ಯಾಮಿಲ್ಟನ್‌ಗೆ ಹೋಗಿ ಅಲ್ಲಿ ಇನ್ನೆರಡು ವರ್ಷ ಕುಂಟಿತು.

ಕೆಲಸ ಹೋದದ್ದು ಒಂದು ಪೆಟ್ಟು. ಅದಕ್ಕಿಂತ ದೊಡ್ಡದು ಬರುವ ವರ್ಷ ಕಾದಿತ್ತು. ಕಾರ್ಮಿಕ ಸಂಘದ ಜೊತೆಗಿನ ಒಪ್ಪಂದದಂತೆ ಕಂಪೆನಿ ಪಿಂಚಣಿ ನಿಧಿಯೊಂದನ್ನು ನಡೆಸುತ್ತಿತ್ತು. ಅದನ್ನು ಮುಚ್ಚಿದಾಗ ಎಲ್ಲರಿಗೂ ಸಾಲುವಷ್ಟು ಹಣ ಅದರಲ್ಲಿರಲಿಲ್ಲ. ಆಗಲೇ ನಿವೃತ್ತರಾದವರಿಗೆ ಮತ್ತು 60 ದಾಟಿದವರಿಗೆ, ಸುಮಾರು 3,600 ಮಂದಿಗೆ, ಪೂರ್ತಿ ಪಿಂಚಣಿ ಸಿಕ್ಕಿತು. 40ರಿಂದ 59 ವಯಸ್ಸಿನ, ಹತ್ತು ವರ್ಷಕ್ಕೂ ಹೆಚ್ಚು ದುಡಿದ ಸುಮಾರು 4,000 ಮಂದಿಗೆ ಬಂದದ್ದು ರೂಪಾಯಿಗೆ 15 ಪೈಸೆ ಲೆಕ್ಕ. ಈ ಗುಂಪಿನವರ ಸರಾಸರಿ ವಯಸ್ಸು 52, ಸರಾಸರಿ ಸೇವೆ 23 ವರ್ಷ, ಕೈಗೆ ಬಂದ ಸರಾಸರಿ ಮೊತ್ತ ಸುಮಾರು 600 ಡಾಲರ್. ಉಳಿದ ಸುಮಾರು 2,900 ಮಂದಿಗೆ ಬಿಡಿಕಾಸೂ ಇಲ್ಲ.

ವಿಚಿತ್ರವೆಂದರೆ ಇದರಲ್ಲಿ ಯಾರೂ ಹಣ ಕದ್ದಿರಲಿಲ್ಲ. ಕಂಪೆನಿ ಕಟ್ಟಬೇಕಿದ್ದ ಕಂತುಗಳನ್ನು ಕಟ್ಟಿತ್ತು. ನಿಧಿ ಶುರುವಾಗುವ ಮುನ್ನ ಮಾಡಿದ ಸೇವೆಗೂ ಪಿಂಚಣಿ ಕೊಡುವುದಾಗಿ ಒಪ್ಪಿ, ಅದರ ಬಾಕಿಯನ್ನು ದಶಕಗಳ ಕಾಲ ನಿಧಾನವಾಗಿ ತುಂಬುವ ಏರ್ಪಾಡು ಅದು. ಕಾರ್ಖಾನೆ ಅಷ್ಟು ಕಾಲ ಬದುಕಿದ್ದರೆ ಎಲ್ಲವೂ ಸರಿ. ಬದುಕದಿದ್ದರೆ ಏನು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವೇ ಇರಲಿಲ್ಲ.

ಆ ಉತ್ತರ ಬರೆಯಲು ಹತ್ತು ವರ್ಷ ಹಿಡಿಯಿತು. ಇಂಡಿಯಾನಾದ ಸೆನೆಟರ್ ವ್ಯಾನ್ಸ್ ಹಾರ್ಟ್ಕೆ ಪಿಂಚಣಿಗೆ ವಿಮೆ ಬೇಕೆಂಬ ಮಸೂದೆ ತಂದರು, ಅದು ನಿಂತಲ್ಲೇ ನಿಂತಿತು. ನ್ಯೂಯಾರ್ಕಿನ ಸೆನೆಟರ್ ಜೇಕಬ್ ಜಾವಿಟ್ಸ್ ವರ್ಷಗಟ್ಟಲೆ ಬೆನ್ನುಹತ್ತಿದರು. ಉದ್ಯಮಪತಿಗಳು ವಿರೋಧಿಸಿದರು. ‘ಸ್ಟುಡಿಬೇಕರ್’ ಎಂಬ ಒಂದು ಪದವೇ ವಾದಕ್ಕೆ ಸಾಕ್ಷಿಯಾಯಿತು. ಕೊನೆಗೆ 1974ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕ ದಿನದಂದೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನೌಕರರ ನಿವೃತ್ತಿ ಸೌಲಭ್ಯದ ಕಾಯಿದೆಗೆ ಸಹಿ ಹಾಕಿದರು. ಮುಳುಗಿದ ಕಂಪೆನಿಯ ಪಿಂಚಣಿಯನ್ನು ಮಿತಿಯೊಳಗೆ ತುಂಬಿಕೊಡುವ ಸರಕಾರಿ ವಿಮಾ ನಿಗಮ ಹುಟ್ಟಿತು. ಕಾರಿನ ಬಿಡಿಭಾಗ ತಯಾರಿಸುವ ಡೆಲ್ಫಿ ಕಂಪೆನಿ ದಿವಾಳಿಯಾದಾಗ 2009ರಲ್ಲಿ ಅದರ ಪಿಂಚಣಿ ಹೊರೆ ಹೊತ್ತದ್ದು ಈ ನಿಗಮವೇ. ಸೌತ್ ಬೆಂಡ್‌ನ ಆ ನಾಲ್ಕು ಸಾವಿರ ಮಂದಿಗೆ ಮಾತ್ರ ಕಾಯಿದೆ ಹಿಂದಕ್ಕೆ ಹೋಗಿ ಏನನ್ನೂ ಕೊಡಲಿಲ್ಲ.

ಕಾರ್ಖಾನೆಯ ಕಟ್ಟಡಗಳಲ್ಲಿ ಹೆಚ್ಚಿನವನ್ನು ಕೆಡವಿದ್ದಾರೆ. ಉಳಿದ ದೊಡ್ಡದೊಂದನ್ನು ಕಚೇರಿಗಳಿಗಾಗಿ ನವೀಕರಿಸಿದ್ದಾರೆ. ಊರಾಚೆ, ಕಂಪೆನಿ ತನ್ನ ಕಾರುಗಳನ್ನು ಓಡಿಸಿ ಪರೀಕ್ಷಿಸುತ್ತಿದ್ದ ಮೈದಾನವಿದೆ. ಅದರ ಒಂದು ಭಾಗ ಈಗ ಸಾರ್ವಜನಿಕ ಉದ್ಯಾನ. 1930ರ ದಶಕದ ಕೊನೆಗೆ ಅಲ್ಲಿ ಸಾವಿರಾರು ಪೈನ್ ಸಸಿಗಳನ್ನು, ಮೇಲಿನಿಂದ ನೋಡಿದರೆ ಕಂಪೆನಿಯ ಹೆಸರು ಕಾಣುವಂತೆ, ಅರ್ಧ ಮೈಲಿ ಉದ್ದಕ್ಕೆ ನೆಟ್ಟಿದ್ದರು. ವಿಮಾನದಲ್ಲಿ ಹಾದುಹೋಗುವವರು ಈಗಲೂ ಆ ಅಕ್ಷರಗಳನ್ನು ಓದಬಹುದು. ಕೆಳಗೆ ನಡೆದುಹೋಗುವವರಿಗೆ ಅದು ಪೈನ್ ಮರಗಳ ತೋಪು.